ದೋಣಿ ಮಗುಚಿದ ಮೇಲೆ

ಚಿಕ್ಕೋಡಿ ತಾಲೂಕಿನ ಕರೋಶಿಗೆ ಸಮುದ್ರವಿಲ್ಲ. ಬಾವಿಯ ನೀರು, ಕಬ್ಬಿನ ಹೊಲಕ್ಕೆ ಹಾಯುವ ನೀರು, ಯಡೂರಿನ ವೀರಭದ್ರನ ದರ್ಶನಕ್ಕೆ ಹೋದಾಗ ಕಾಣುವ ಕೃಷ್ಣೆ. ಆ ಊರಿನ ಮಕ್ಕಳಿಗೆ ಪರಿಚಿತವಾದ ಜಲರಾಶಿ ಇಷ್ಟೆ. ಆದರೆ ಬೇಸಿಗೆಯ ರಜೆ ಬಂದಿತೆಂದರೆ ಸಂಕೇಶ್ವರ, ಆಜರೆಗಳ ಮೇಲೆ ಹಾಯ್ದು, ಆಂಬೋಲಿ ಘಟ್ಟವನ್ನಿಳಿದು ಮಾಲವಣದ ದಂಡೆಯನ್ನು ಸೇರುವ ಕುಟುಂಬಗಳು ಈ ಸೀಮೆಯಲ್ಲಿ ಕಡಮೆಯಿಲ್ಲ. ನೀರಿನ ಮೇಲೆ ಮೋಟಾರು ಸೈಕಲ್ಲಿನಂತೆ ಓಡುವ ಜೆಟ್ ಸ್ಕೀಯನ್ನು ಕಂಡ ಹುಡುಗನನ್ನು ಹಿಡಿದು ನಿಲ್ಲಿಸುವ ತಂದೆ ಯಾರು?

2022ರ ಮೇ 24ರಂದು ಅದೇ ಮಾಲವಣದ ತಾರಕರ್ಲಿಯಲ್ಲಿ ಪ್ರವಾಸಿಗರ ದೋಣಿಯೊಂದು ಮಗುಚಿ ಇಬ್ಬರು ಅಸುನೀಗಿದರು. ಅದಕ್ಕೂ ಮುಂಚೆ, 2019ರ ಜನವರಿ 21ರಂದು, ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮುಳುಗಿ 16 ಮಂದಿ ಜಲಸಮಾಧಿಯಾದರು. ಅವರಲ್ಲಿ ಹಲವರು ಸಮುದ್ರವಿಲ್ಲದ ಹಾವೇರಿ ಜಿಲ್ಲೆಯವರು.

ಇಂಥ ದುರಂತದ ಮರುದಿನ ಹಣೆಬರಹವನ್ನು ಹಳಿದು, ಸರಕಾರ ಕೊಟ್ಟ ಪರಿಹಾರವನ್ನು ಪಡೆದು ಸುಮ್ಮನಾಗುವುದು ನಮ್ಮ ಜನರ ರೂಢಿ. ಸರಕಾರದ ನೆರವು ದಯೆಯಿಂದ ಬಂದದ್ದು. ದೋಣಿಯವನಿಂದ ಬರಬೇಕಾದದ್ದು ಹಕ್ಕಿನಿಂದ. ಒಂದು ಮತ್ತೊಂದಕ್ಕೆ ಬದಲಾಗದು.

ಮಿತಿಮೀರಿ ಜನರನ್ನು ತುಂಬಿ ದೋಣಿ ಸಾಗಿಸುವುದು ಭಾರತೀಯ ನ್ಯಾಯ ಸಂಹಿತೆಯ 284ನೆಯ ಕಲಮಿನಂತೆ ಅಪರಾಧ. ಆರು ತಿಂಗಳವರೆಗೆ ಸೆರೆ ಅಥವಾ ದಂಡ, ಅಲ್ಪವೇ ಸರಿ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ್ದರೆ 106ನೆಯ ಕಲಮಿನಂತೆ ಐದು ವರ್ಷದವರೆಗೆ ಶಿಕ್ಷೆಯುಂಟು. ಆದರೆ ತಪ್ಪಿತಸ್ಥನು ಸೆರೆಮನೆ ಸೇರಿದ ಮಾತ್ರಕ್ಕೆ ದುಡಿಯುವ ಗಂಡನನ್ನು ಕಳೆದುಕೊಂಡ ಮನೆಯ ಒಲೆ ಉರಿಯುವುದಿಲ್ಲ. ಅದಕ್ಕೆ ಬೇರೆ ದಾರಿ ಹಿಡಿಯಬೇಕು.

ಆ ದಾರಿ ಗ್ರಾಹಕ ಆಯೋಗದ್ದು. ಹಣ ಕೊಟ್ಟು ದೋಣಿ ಹತ್ತಿದವನು ಗ್ರಾಹಕ. ತಂದೆ ಹಣ ತೆತ್ತು ಮಗನನ್ನು ಹತ್ತಿಸಿದರೆ ಮಗನೂ ಗ್ರಾಹಕನೇ. ಗ್ರಾಹಕ ಮಡಿದರೆ ಅವನ ವಾರಸುದಾರರು ದೂರು ಕೊಡಬಹುದು. ಅಪಘಾತವಾದದ್ದು ಮಹಾರಾಷ್ಟ್ರದಲ್ಲಿ, ದೋಣಿಯವನ ಭಾಷೆ ಬೇರೆ, ಅಲ್ಲಿಯ ಕಚೇರಿಗಳಿಗೆ ಅಲೆಯುವವರಾರು ಎಂದು ಕರೋಶಿಯ ತಾಯಿ ಹಿಂಜರಿಯಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದೂರುದಾರನು ತಾನು ವಾಸಿಸುವ ಜಿಲ್ಲೆಯಲ್ಲಿಯೇ, ಎಂದರೆ ಬೆಳಗಾವಿಯ ಆಯೋಗದಲ್ಲಿಯೇ, ದೂರು ಸಲ್ಲಿಸಬಹುದು. ಹಿಂದಿನ ಕಾಯಿದೆಯಲ್ಲಿ ಈ ಅನುಕೂಲವಿರಲಿಲ್ಲ. ತೆತ್ತ ಬೆಲೆ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವೂ ಇಲ್ಲ. ಕೆಲವು ನೂರು ರೂಪಾಯಿಯ ಟಿಕೇಟಿಗೆ ಆ ಮಾತೇ ಬಾರದು. ಆದರೆ ಅವಧಿ ಎರಡೇ ವರ್ಷ. ದುಃಖ ಆರಲೆಂದು ಕಾಯುವವರಿಗೆ ಎರಡು ವರ್ಷ ಬಹು ಬೇಗ ಕಳೆದುಹೋಗುತ್ತದೆ.

“ಅಪಾಯಕ್ಕೆ ನಾವೇ ಹೊಣೆ” ಎಂದು ಅಚ್ಚು ಹಾಕಿದ ಹಾಳೆಯ ಮೇಲೆ ದೋಣಿ ಹತ್ತುವ ಮುನ್ನ ಸಹಿ ಮಾಡಿಸಿಕೊಳ್ಳುವ ಪದ್ಧತಿಯುಂಟು. ಸಹಿ ಮಾಡಿದೆವಲ್ಲ ಎಂದು ಎಷ್ಟೋ ಮಂದಿ ಅಲ್ಲಿಗೇ ಕೈಬಿಡುತ್ತಾರೆ. ಹೋಟೆಲ್ಲಿನ ವಶಕ್ಕೆ ಕೊಟ್ಟ ಕಾರು ಕಳವಾದಾಗ ಚೀಟಿಯಲ್ಲಿ ಇಂಥದೇ ಬರಹವಿದ್ದ ಪ್ರಕರಣದಲ್ಲಿ, ತನ್ನ ನಿರ್ಲಕ್ಷ್ಯದ ಹೊಣೆಯಿಂದ ಹೋಟೆಲ್ಲು ಹಾಗೆ ಜಾರಿಕೊಳ್ಳಲಾಗದೆಂದು ಸುಪ್ರೀಂ ಕೋರ್ಟು 2019ರಲ್ಲಿ ಹೇಳಿತು. ಕಾರಿಗೆ ದೊರೆತ ರಕ್ಷಣೆಯನ್ನು ಮನುಷ್ಯನ ಪ್ರಾಣಕ್ಕೂ ಕೇಳಲು ವಕೀಲರಿಗೆ ಅಡ್ಡಿಯಿಲ್ಲ. ಲೈಫ್ ಜಾಕೆಟ್ ಕೊಟ್ಟರೂ ಬೇಡವೆಂದು ಬಿಸುಟವನ ಪರಿಹಾರ ಮಾತ್ರ ಕಡಿಮೆಯಾದೀತು.

ಮಕ್ಕಳನ್ನು ಕರೆದೊಯ್ದ ಶಾಲೆಗೂ ಹೊಣೆಯುಂಟು. 1995ರಲ್ಲಿ ವಿಹಾರಕ್ಕೆ ಹೋಗಿದ್ದ 14 ಮಕ್ಕಳು ಬಿಯಾಸ್ ನದಿಯಲ್ಲಿ ಮುಳುಗಿದರು. ಪ್ರತಿ ಮಗುವಿಗೆ ಐದು ಲಕ್ಷ ರೂಪಾಯಿಗಳ ಪರಿಹಾರವನ್ನು 2001ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಆರು ವರ್ಷ ಆ ತಂದೆತಾಯಿಗಳು ಕೋರ್ಟಿನ ಮೆಟ್ಟಿಲು ತುಳಿದರು.

ಟಿಕೇಟು, ದೋಣಿಯ ಚಿತ್ರ ಮತ್ತು ಅದರ ಮೇಲಿನ ನಂಬರು, ಜೊತೆಗಿದ್ದವರ ವಿಳಾಸ, ಪೊಲೀಸರು ಕೊಟ್ಟ ಎಫ್‌ಐಆರ್ ಪ್ರತಿ, ಆಸ್ಪತ್ರೆಯ ಕಾಗದಗಳು, ಇವಿಷ್ಟನ್ನು ಕಾದಿಟ್ಟರೆ ಅರ್ಧ ಕೆಲಸವಾದಂತೆ. ವಕೀಲರಿಗೆ ಕೊಡಲು ಹಣವಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಬಹುದು. 1987ರ ಕಾಯಿದೆಯಂತೆ ಹೆಂಗಸರಿಗೂ ಮಕ್ಕಳಿಗೂ ಆದಾಯವನ್ನು ಲೆಕ್ಕಿಸದೆ ಉಚಿತ ವಕೀಲರು ದೊರೆಯುತ್ತಾರೆ.