ಬೆಂಕಿಯ ಸುದ್ದಿ ಮತ್ತು ಬೀಗದ ಕೈ

ಗೋದಾಮಿಗೆ ಬೆಂಕಿ ಬಿದ್ದಾಗ ಮೊದಲ ಕೆಲವು ನಿಮಿಷಗಳೇ ನಿರ್ಣಾಯಕ. ಇದನ್ನರಿತ ಅಮೆರಿಕದ ಬಾಸ್ಟನ್ ನಗರವು 1852ರ ಏಪ್ರಿಲ್‌ನಲ್ಲಿ ಬೆಂಕಿಯ ಸುದ್ದಿಯನ್ನು ತಂತಿಯ ಮೂಲಕ ರವಾನಿಸುವ ವ್ಯವಸ್ಥೆಯನ್ನು ಜಾರಿಗೆ ತಂದಿತು. ವೈದ್ಯ ವಿಲಿಯಂ ಚಾನಿಂಗ್ ಹಾಗೂ ತಂತ್ರಜ್ಞ ಮೋಸೆಸ್ ಫಾರ್ಮರ್ ಇದರ ರೂವಾರಿಗಳು.

ಬೀದಿಗಳಲ್ಲಿ ಸಂಖ್ಯೆಯುಳ್ಳ ಪೆಟ್ಟಿಗೆಗಳನ್ನು ಅಳವಡಿಸಲಾಯಿತು. ಒಳಗಿನ ಹಿಡಿಕೆಯನ್ನು ತಿರುಗಿಸಿದೊಡನೆ ಆ ಪೆಟ್ಟಿಗೆಯ ಸಂಕೇತ ಕೇಂದ್ರ ಕಚೇರಿಯನ್ನು ತಲುಪುತ್ತಿತ್ತು. ಅಲ್ಲಿಂದ ತಂತಿಯ ಮೂಲಕವೇ ನಗರದ ಗಂಟೆಗಳನ್ನು ಮೊಳಗಿಸಿ, ಬೆಂಕಿ ಬಿದ್ದ ಪ್ರದೇಶವನ್ನು ಅಗ್ನಿಶಾಮಕ ದಳಗಳಿಗೆ ತಿಳಿಸಲಾಗುತ್ತಿತ್ತು.

ಆದರೆ ಸುಳ್ಳು ಕರೆಗಳನ್ನು ತಡೆಯಲೆಂದು ಪೆಟ್ಟಿಗೆಗಳಿಗೆ ಬೀಗ ಹಾಕಿ, ಬೀಗದ ಕೈಯನ್ನು ಪೊಲೀಸರು ಮತ್ತು ಕೆಲವೇ ನಾಗರಿಕರ ವಶಕ್ಕೆ ಕೊಡಲಾಯಿತು. 1872ರ ನವೆಂಬರ್ 9ರ ಸಂಜೆ ಸಮ್ಮರ್ ಬೀದಿಯ ವಾಣಿಜ್ಯ ಕಟ್ಟಡವೊಂದರಲ್ಲಿ ಬೆಂಕಿ ಕಾಣಿಸಿಕೊಂಡಾಗ ಸಂದೇಶ ಹೊರಡುವುದೇ ತಡವಾಯಿತು. ಕುದುರೆಗಳು ಸಾಂಕ್ರಾಮಿಕ ರೋಗದಿಂದ ಬಳಲಿದ್ದರಿಂದ ಹಲವು ಬಂಡಿಗಳನ್ನು ಜನರೇ ಎಳೆಯಬೇಕಾಯಿತು. ನೀರಿನ ಒತ್ತಡವೂ ಸಾಲದಾಯಿತು. ಕೊನೆಗೆ 776 ಕಟ್ಟಡಗಳು ಭಸ್ಮವಾದವು. ಪರಿಹಾರದ ಭಾರ ತಾಳಲಾರದೆ ಹಲವು ವಿಮಾ ಕಂಪನಿಗಳೂ ದಿವಾಳಿಯಾದವು.

ಶಿವಮೊಗ್ಗದ ಅಡಿಕೆ ಗೋದಾಮುಗಳಿಗೂ ಗೋಪಾಳದ ಅಂಗಡಿಗಳಿಗೂ ಮಾಚೇನಹಳ್ಳಿಯ ಕಾರ್ಖಾನೆಗಳಿಗೂ ಈ ಪಾಠ ಅನ್ವಯಿಸುತ್ತದೆ. ಅಂದಿನ ತಂತಿಯ ಕೆಲಸವನ್ನು ಇಂದು 101 ಮತ್ತು 112 ದೂರವಾಣಿ ಸಂಖ್ಯೆಗಳು ನಿರ್ವಹಿಸುತ್ತಿವೆ. ಆದರೆ ರಾತ್ರಿ ಪಾಳಿಯ ಕಾವಲುಗಾರನಿಗೆ ಈ ಸಂಖ್ಯೆಗಳು ತಿಳಿದಿವೆಯೇ? ಮಾಲೀಕರ ಒಪ್ಪಿಗೆಗೆ ಕಾಯದೆ ಕರೆ ಮಾಡುವ ಅಧಿಕಾರ ಅವನಿಗಿದೆಯೇ? ಗೇಟಿನ ಬೀಗದ ಕೈ ಯಾರ ಬಳಿಯಿದೆ? ವ್ಯಾಪಾರಸ್ಥರು ಹಾಗೂ ಉದ್ಯಮಿಗಳು ಈ ಮೂರು ಪ್ರಶ್ನೆಗಳಿಗೆ ಇಂದೇ ಉತ್ತರ ಕಂಡುಕೊಳ್ಳುವುದು ಒಳಿತು.