ಅದಿರು ಚೀನಾ ಕಂಡಿತು, ನಮ್ಮ ಹುಡುಗಿ ಯಾವಾಗ?

ಮೊನ್ನೆ ಹೊಸಪೇಟೆಯಿಂದ ಸಂಡೂರಿಗೆ ಬರುವ ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿಯೊಬ್ಬಳು ಕೇಳಿದ ಪ್ರಶ್ನೆ ಇನ್ನೂ ತಲೆಯಲ್ಲೇ ಇದೆ. ಬಿ.ಎ. ಮುಗಿಸಿದಾಕೆ, ಅಪ್ಪ ಅದಿರು ಲಾರಿ ಡ್ರೈವರ್. "ಚೀನಾ, ಜಪಾನ್ ಜನ ಹೆಂಗ್ ಬದುಕ್ತಾರೆ ಅಂತ ಎಂ.ಎ. ಓದ್ಬೇಕು ಅಂತ ಆಸೆ ಐತ್ರಿ ಸಾರ್. ಎಲ್ಲಿ ಓದೋದು?"

ಕಂಡಕ್ಟರ್ ನಕ್ಕುಬಿಟ್ಟ. "ಅದನ್ನ ಓದಿ ಏನ್ ಮಾಡ್ತೀಯವ್ವಾ? ಬಿ.ಎಡ್. ಮಾಡು."

ನಗುವಂಥದ್ದೇನೂ ಇಲ್ಲ ಸ್ವಾಮಿ. ನಮ್ಮೂರ ಅಂಗಡಿಯವರ ಉದ್ರಿ ಪುಸ್ತಕ ತೆರೆದು ನೋಡಿ. 2008ರ ಬೀಜಿಂಗ್ ಒಲಿಂಪಿಕ್ಸ್‌ಗೆ ಮುಂಚಿನ ವರ್ಷಗಳಲ್ಲಿ ಚೀನಾದ ಉಕ್ಕಿನ ಕಾರ್ಖಾನೆಗಳು ಅದಿರಿಗೆ ಬಾಯಿಬಿಟ್ಟು ಕೂತಿದ್ದವು. ಇಲ್ಲಿ ಹೊಲ ಅಗೆದವರೆಷ್ಟು, ಸಾಲ ಮಾಡಿ ಟಿಪ್ಪರ್ ಕೊಂಡವರೆಷ್ಟು! 2010ರ ಜುಲೈನಲ್ಲಿ ರಾಜ್ಯ ಸರ್ಕಾರ ರಫ್ತು ನಿಲ್ಲಿಸಿತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟು ಗಣಿಯನ್ನೇ ನಿಲ್ಲಿಸಿತು. ಟಿಪ್ಪರ್ ನಿಂತಿತು, ಬ್ಯಾಂಕಿನ ಕಂತು ನಿಲ್ಲಲಿಲ್ಲ. ಅದಿರಿನಲ್ಲಿ ಕಬ್ಬಿಣ ಎಷ್ಟು ಪರ್ಸೆಂಟ್ ಅಂತ ಬಾಯಲ್ಲೇ ಹೇಳುವವರು ನಮ್ಮಲ್ಲಿ ಬೇಕಾದಷ್ಟು ಜನ. ಕೊಳ್ಳುವ ದೇಶ ಎಂಥದ್ದು ಅಂತ ಓದಿದವರು ಯಾರಿದ್ದರು?

ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರ ಮೊದಲು ಗುಲ್ಬರ್ಗ ವಿಶ್ವವಿದ್ಯಾಲಯದ್ದು, 2010ರಲ್ಲಿ ಬಳ್ಳಾರಿಗೇ ವಿಶ್ವವಿದ್ಯಾಲಯ ಬಂದ ಮೇಲೆ ಅದರದ್ದು. ಅಲ್ಲಿ ಖನಿಜ ಸಂಸ್ಕರಣೆ ಕಲಿಸುತ್ತಾರೆ. ಸರಿಯೇ, ಬೇಕಾದದ್ದೇ. ಚೀನಾ ಓದಬೇಕಾದರೆ ಮಾತ್ರ ದಿಲ್ಲಿ ರೈಲು ಹತ್ತಬೇಕು. ದಿಲ್ಲಿ ವಿಶ್ವವಿದ್ಯಾಲಯದಲ್ಲಿ 1964ರಲ್ಲಿ ಚೀನೀ ಅಧ್ಯಯನ ಕೇಂದ್ರವಾಗಿ ಹುಟ್ಟಿದ್ದು ಈಗ ಪೂರ್ವ ಏಷ್ಯಾ ಅಧ್ಯಯನ ವಿಭಾಗ, ಅಲ್ಲಿ ಎಂ.ಎ. ಇದೆ. ಜೆ.ಎನ್.ಯು.ದಲ್ಲೂ ಪೂರ್ವ ಏಷ್ಯಾ ಅಧ್ಯಯನ ಕೇಂದ್ರವಿದೆ. ಎರಡೂ ಕಡೆ ಎಂ.ಎ.ಗೆ ಸಿ.ಯು.ಇ.ಟಿ. ಪರೀಕ್ಷೆ ಬರೆಯಬೇಕು.

ಓದೋದಾದರೂ ಏನು ಅಂತೀರಾ? ಒಂದು ಉದಾಹರಣೆ. ಚೀನಾದಲ್ಲಿ 'ಹುಕೌ' ಅಂತ ಊರಿನ ದಾಖಲೆ ಪದ್ಧತಿ ಇದೆ. ಹಳ್ಳಿಯ ದಾಖಲೆಯವನು ಪಟ್ಟಣಕ್ಕೆ ಕೂಲಿಗೆ ಹೋದರೆ ದುಡಿಮೆ ಸಿಗುತ್ತೆ, ಆದರೆ ಮಕ್ಕಳಿಗೆ ಅಲ್ಲಿನ ಸರ್ಕಾರಿ ಶಾಲೆ ಸಿಗೋದು ಕಷ್ಟ. ಮಕ್ಕಳು ಅಜ್ಜ-ಅಜ್ಜಿ ಹತ್ತಿರ ಹಳ್ಳಿಯಲ್ಲೇ ಉಳಿಯುತ್ತಾರೆ. ನಮ್ಮ ತಾಂಡಾಗಳಿಂದ ಮಂಡ್ಯ ಕಡೆ ಕಬ್ಬು ಕಡಿಯಲು ಹೋಗುವವರ ಮನೆ ನೆನಪಾಗಲಿಲ್ಲವೇ? ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಲು ಈ ಹುಡುಗಿಗಿಂತ ತಕ್ಕವರು ಯಾರು?

ಆ ಕಡೆಯವರು ನಮ್ಮನ್ನು ಓದಿದ್ದಾರೆ. ಜಪಾನಿನ ನೊಬೊರು ಕರಾಶಿಮಾ ತಮಿಳು ಕಲಿತು, ಶಾಸನ ಓದಿ, ವಿಜಯನಗರ ಕಾಲದ ಸಮಾಜದ ಮೇಲೆ 1992ರಲ್ಲಿ ಪುಸ್ತಕವನ್ನೇ ತಂದರು. ಮೈಸೂರಿನ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಹಳ್ಳಿಯಲ್ಲಿ ಕೂತು ಬರೆದುಕೊಂಡದ್ದನ್ನು ಜಗತ್ತೇ ಓದಿತು. ಅವರೂ ಓದಿಗಾಗಿ ಮುಂಬಯಿ, ಆಕ್ಸ್‌ಫರ್ಡ್ ಅಂತ ಊರು ಬಿಟ್ಟವರೇ. ಸಂಡೂರಿನ ಎಂ.ವೈ. ಘೋರ್ಪಡೆ ಕೇಂಬ್ರಿಜ್‌ನಲ್ಲಿ ಅರ್ಥಶಾಸ್ತ್ರ ಓದಿ ಬಂದು ರಾಜ್ಯದ ಹಣಕಾಸು ಮಂತ್ರಿಯಾದರು. ಅದು ಅರಮನೆ ಮಾತು ಬಿಡಿ. ಡ್ರೈವರ್ ಮಗಳಿಗೆ ದಿಲ್ಲಿಯ ಹಾಸ್ಟೆಲ್, ಊಟದ ಖರ್ಚು ಯಾರು ಕೊಡಬೇಕು? ಗಣಿ ಬಾಧಿತ ಪ್ರದೇಶದ ಹೆಸರಲ್ಲಿ ಜಿಲ್ಲಾ ಖನಿಜ ನಿಧಿ ಇದೆ. ಆ ನಿಧಿ ಖರ್ಚಾಗಬೇಕಾದ ಬಾಬ್ತುಗಳಲ್ಲಿ ಶಿಕ್ಷಣವೂ ಒಂದು. ತಾಲ್ಲೂಕಿನ ಇಂಥ ನಾಲ್ಕು ಮಕ್ಕಳಿಗೆ ಅದರಿಂದ ಕೊಟ್ಟರೆ ಯಾರ ಗಂಟೂ ಹೋಗುವುದಿಲ್ಲ. ನಮ್ಮ ಪ್ರತಿನಿಧಿಗಳು ಕೇಳಿಯಾರೇ?

ಸಂಡೂರು ಬಸ್ ಸ್ಟ್ಯಾಂಡ್ ಬಂತು. ಪರೀಕ್ಷೆಯ ಹೆಸರನ್ನು ಟಿಕೆಟ್ ಹಿಂದೆ ಬರೆದುಕೊಟ್ಟೆ. ಕಂಡಕ್ಟರ್ ಇಣುಕಿ ನೋಡಿ, "ನನ್ನ ತಮ್ಮನಿಗೂ ಬರಕೊಡ್ರಿ ಸಾರ್" ಅಂದ.