ಆಟವೇ ಮಗುವಿನ ಮಾತು



ಅಜ್ಜ ತೀರಿಕೊಂಡ ಮನೆಯೊಂದನ್ನು ಕಣ್ಣ ಮುಂದೆ ತಂದುಕೊಳ್ಳಿ. ತಿಂಗಳು ಕಳೆದಿದೆ. ಐದು ವರ್ಷದ ಮೊಮ್ಮಗಳು ಗೊಂಬೆಯೊಂದನ್ನು ಚಪ್ಪಲಿಯ ಪೆಟ್ಟಿಗೆಯಲ್ಲಿ ಮಲಗಿಸಿ, ಬಟ್ಟೆ ಹೊದಿಸಿ, ಅಂಗಳದ ಮೂಲೆಯಲ್ಲಿ ಹೂಳುತ್ತಾಳೆ. ಸ್ವಲ್ಪ ಹೊತ್ತಿಗೆ ಮತ್ತೆ ಹೊರತೆಗೆಯುತ್ತಾಳೆ. "ಛೀ, ಇದೆಂಥ ಆಟ!" ಎಂದು ಹಿರಿಯರು ಗದರಿಸುತ್ತಾರೆ. ಮಗು ಸುಮ್ಮನಾಗುತ್ತದೆ. ಆದರೆ ರಾತ್ರಿ ಹಾಸಿಗೆ ಒದ್ದೆಯಾಗತೊಡಗುತ್ತದೆ, ಬೆಳಿಗ್ಗೆ ಶಾಲೆಗೆ ಹೋಗಲು ಅಳು. ಅಂದು ನಾವು ಬಾಯಿ ಮುಚ್ಚಿಸಿದ್ದು ಬರೀ ಆಟವನ್ನೇ? ಅಲ್ಲ, ಮಗುವಿನ ದುಃಖವನ್ನು.

ದೊಡ್ಡವರು ನೋವನ್ನು ಮಾತಿನಲ್ಲಿ ತೋಡಿಕೊಳ್ಳುತ್ತಾರೆ. ಮಗುವಿಗೆ ಆ ಮಾತುಗಳು ಇನ್ನೂ ಬಂದಿರುವುದಿಲ್ಲ. ಭಯ, ಸಿಟ್ಟು, ತಮ್ಮ ಹುಟ್ಟಿದ ಮೇಲಿನ ಹೊಟ್ಟೆಕಿಚ್ಚು, ತಂದೆತಾಯಿಯ ಜಗಳ ಕಂಡ ಕಳವಳ, ಎಲ್ಲವೂ ಆಟದಲ್ಲೇ ಹೊರಬರುತ್ತವೆ. ಇದನ್ನು ಅರಿತು ರೂಪಿಸಿದ ವಿಧಾನವೇ ಆಟದ ಚಿಕಿತ್ಸೆ, ಅಂದರೆ ಪ್ಲೇ ಥೆರಪಿ. ಸಾಮಾನ್ಯವಾಗಿ 3ರಿಂದ 12 ವರ್ಷದ ಮಕ್ಕಳಿಗೆ ಇದನ್ನು ಬಳಸುತ್ತಾರೆ.

ಚಿಕಿತ್ಸೆಯ ಕೋಣೆಯಲ್ಲಿ ಗೊಂಬೆಮನೆ, ಮರಳು, ಬಣ್ಣ, ಜೇಡಿಮಣ್ಣು, ಆಟಿಕೆಯ ಪ್ರಾಣಿಗಳು ಇರುತ್ತವೆ. ಸಾಮಾನ್ಯವಾಗಿ ವಾರಕ್ಕೊಮ್ಮೆ, ಮುಕ್ಕಾಲು ಗಂಟೆಯಷ್ಟು ಹೊತ್ತು ಮಗು ಅಲ್ಲಿರುತ್ತದೆ. ಏನು ಆಡಬೇಕೆಂದು ಮಗುವೇ ನಿರ್ಧರಿಸುತ್ತದೆ. ತರಬೇತಿ ಪಡೆದವರು ಬುದ್ಧಿ ಹೇಳುವುದಿಲ್ಲ, ತಪ್ಪು ಹುಡುಕುವುದಿಲ್ಲ. "ಆ ಹುಲಿಗೆ ತುಂಬಾ ಸಿಟ್ಟು ಬಂದಿದೆ" ಎಂದು ಕಂಡದ್ದನ್ನು ಹೇಳುತ್ತಾರೆ. ಹೆಸರಿಲ್ಲದ ಭಾವನೆಗೆ ಹೀಗೆ ಹೆಸರು ಸಿಗುತ್ತದೆ. ನಿಜಜೀವನದಲ್ಲಿ ಅಸಹಾಯಕವಾಗಿದ್ದ ಮಗು ಆಟದಲ್ಲಿ ಒಡೆಯನಾಗುತ್ತದೆ. ಹೆದರಿಸಿದ್ದನ್ನೇ ಮತ್ತೆ ಮತ್ತೆ ಆಡಿ, ಭಯವನ್ನು ಪಳಗಿಸಿಕೊಳ್ಳುತ್ತದೆ. ಹಾಗೆಂದು ಎಲ್ಲಕ್ಕೂ ಬಿಡುವು ಇಲ್ಲ. "ನನ್ನನ್ನು ಹೊಡೆಯುವಂತಿಲ್ಲ, ಬೇಕಾದರೆ ದಿಂಬನ್ನು ಹೊಡೆಯಬಹುದು" ಎಂಬಂಥ ಮಿತಿಗಳು ಅಲ್ಲಿಯೂ ಉಂಟು.

ಅಮೆರಿಕದ ವರ್ಜೀನಿಯಾ ಆಕ್ಸ್‌ಲೈನ್ ಈ ಕ್ಷೇತ್ರದ ಹಿರಿಯರಲ್ಲೊಬ್ಬರು. 1964ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಡಿಬ್ಸ್ ಎಂದು ಹೆಸರಿಟ್ಟ ಬಾಲಕನ ಕಥೆ ಹೇಳಿದ್ದಾರೆ. ಶ್ರೀಮಂತ, ಸುಶಿಕ್ಷಿತ ಮನೆತನ. ಆದರೂ ಐದು ವರ್ಷದ ಹುಡುಗ ಶಾಲೆಯಲ್ಲಿ ಯಾರೊಡನೆಯೂ ಬೆರೆಯದೆ ಮೇಜಿನಡಿ ಕೂರುತ್ತಿದ್ದ. ಬುದ್ಧಿಮಾಂದ್ಯನೆಂದೇ ಹೆತ್ತವರು ಭಾವಿಸಿದ್ದರು. ಆಟದ ಕೋಣೆಯಲ್ಲಿ ಅವನು ಆಟಿಕೆಯ ಸೈನಿಕನೊಬ್ಬನನ್ನು ಅಪ್ಪನೆಂದು ಕರೆದು ಮರಳಿನಲ್ಲಿ ಹೂತ. ಆಕ್ಸ್‌ಲೈನ್ ಗದರಿಸಲಿಲ್ಲ. ಒಳಗಿನ ಸಿಟ್ಟು ಹರಿದುಹೋದಂತೆ ಅವನಲ್ಲಿ ಪ್ರೀತಿಗೆ ಜಾಗವಾಯಿತು, ಹೆತ್ತವರೂ ಬದಲಾದರು. ಅವನು ಅಸಾಮಾನ್ಯ ಬುದ್ಧಿಶಾಲಿ ಎಂದು ಮುಂದೆ ಪರೀಕ್ಷೆಯಲ್ಲಿ ತಿಳಿದುಬಂತು!

ಮನೆಯಲ್ಲಿ ನಾವೇನು ಮಾಡಬಹುದು? 1960ರ ದಶಕದಲ್ಲಿ ಗರ್ನಿ ದಂಪತಿ ಹೆತ್ತವರಿಗೇ ಇಂಥ ಆಟದ ತರಬೇತಿ ಕೊಡಲು ಆರಂಭಿಸಿದರು. ಅದರಿಂದ ನಾವು ಕಲಿಯಬೇಕಾದ ಪಾಠ ಸರಳ: ವಾರಕ್ಕೆ ಅರ್ಧ ಗಂಟೆ ಮೊಬೈಲ್, ಟಿವಿ ಬದಿಗಿಟ್ಟು ಮಗುವಿನೊಡನೆ ನೆಲದ ಮೇಲೆ ಕುಳಿತುಕೊಳ್ಳಿ. ಆಟವನ್ನು ಮಗುವೇ ನಡೆಸಲಿ. ತಿದ್ದಬೇಡಿ, ಪ್ರಶ್ನೆಗಳ ಮಳೆ ಸುರಿಸಬೇಡಿ.

ಆದರೆ ವಾರಗಟ್ಟಲೆ ಮಂಕುತನ, ದುಃಸ್ವಪ್ನ, ಮಿತಿಮೀರಿದ ಸಿಟ್ಟು ಕಂಡರೆ ತಡಮಾಡದೆ ತಜ್ಞರನ್ನು ಕಾಣಿರಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆಮಾಡಬಹುದು. ಸಹಾಯ ಕೇಳುವುದು ಮನೆತನಕ್ಕೆ ಅವಮಾನವಲ್ಲ.

ಇಂದು ಸಂಜೆ ನಿಮ್ಮ ಮಗು ಗೊಂಬೆಯನ್ನು ಬೈಯುತ್ತಿದ್ದರೆ, ಗದರಿಸುವ ಮುನ್ನ ಒಂದು ಗಳಿಗೆ ನಿಂತು ಕೇಳಿರಿ. ಅದು ಯಾರ ದನಿ, ಯಾರ ನೋವು?